ಕೈ ಹಾಕಿದವರ ಪಾಲು

ನಾವುಂದದ ಸಿಗಡಿ ಶೆಡ್ಡಿನ ಬಾಗಿಲು ತೆರೆದಿದೆ ಎಂದು ಕೇಳಿದ್ದೇ ರತ್ನ ಗಂಜಿ ಉಂಡ ತಟ್ಟೆಯನ್ನೂ ತೊಳೆಯದೆ ಓಡಿಬಂದಿದ್ದಳು. ಇಲ್ಲಿಯ ಸಿಗಡಿ ಕೊಳ್ಳುತ್ತಿದ್ದ ಅಮೆರಿಕ ಸುಂಕ ಏರಿಸಿ, ದಿಲ್ಲಿಯವರ ವ್ಯಾಪಾರದ ಮಾತುಕತೆ ನಡುವೆಯೇ ನಿಂತುಹೋದಂದಿನಿಂದ ಅದಕ್ಕೆ ಬೀಗ. ಸಿಪ್ಪೆ ಸುಲಿಯುವ ಹೆಂಗಸರೆಲ್ಲ ಮನೆಯಲ್ಲಿ. ಕೆಲಸ ಮತ್ತೆ ಶುರುವಾಗದಿದ್ದರೆ ರತ್ನ ಮುಂಬೈಗೆ ಹೋಗಿ ಯಾರದೋ ಮನೆಯ ಪಾತ್ರೆ ತಿಕ್ಕಬೇಕು. ಐವತ್ತು ದಾಟಿದ ಮೇಲೆ ಊರು ಬಿಡುವುದನ್ನು ನೆನೆದರೇ ಅವಳಿಗೆ ಜೀವ ಹಿಂಡಿದ ಹಾಗಾಗುತ್ತಿತ್ತು.

ಒಳಗೆ ಕಂಡದ್ದು ಬೇರೆಯೇ ನಾಟಕ. ಸರ್ಕಾರದ ನಿಲುವು ತಿಳಿಸಲು ದಿಲ್ಲಿಯಿಂದ ಸಾಹೇಬರೊಬ್ಬರು ಬರುತ್ತಾರಂತೆ, ವಿಡಿಯೊದಲ್ಲಿ ಶೆಡ್ಡು ತುಂಬಿ ತುಳುಕುತ್ತಿರಬೇಕಂತೆ. ಅದಕ್ಕೆಂದೇ ಧಣಿ ರಾಜೇಂದ್ರ, ಕೊಳ್ಳುವವರಿಲ್ಲದೆ ಕೋಲ್ಡ್ ಸ್ಟೋರೇಜಿನಲ್ಲಿ ಬಿದ್ದಿದ್ದ ಸಿಗಡಿಯನ್ನು ಬೆಳಿಗ್ಗೆಯೇ ಹೊರಗೆ ಸುರಿಸಿದ್ದ. ಒಮ್ಮೆ ಕರಗಿದ ಮಾಲು ಮತ್ತೆ ಇಡಲು ಬಾರದು. ಹಾಳಾದರೆ ಆಗಲಿ, ದೊಡ್ಡವರ ಕಣ್ಣಿಗೆ ಬಿದ್ದರೆ ಸಾಕು ಎಂದ. ತಿನ್ನುವ ವಸ್ತುವನ್ನು ತೋರಿಕೆಗೆ ಕೊಳೆಸುವ ಈ ಬುದ್ಧಿ ಕಂಡು ರತ್ನಳಿಗೆ ಮೈ ಉರಿಯಿತು. ಆದರೆ ಸಾಹೇಬರನ್ನು ಒಂದು ಮಾತು ಕೇಳಬೇಕಿತ್ತಲ್ಲ, ಒಂದು ಬುಟ್ಟಿ ತುಂಬಿಕೊಂಡು ಸುಲಿಯಲು ಕುಳಿತಳು.

ಸಾಹೇಬರು ಬಂದದ್ದು ಬಿಸಿಲು ಇಳಿದ ಮೇಲೆ. ಅಷ್ಟರಲ್ಲಿ ಸಿಗಡಿಯ ತಲೆ ಕಪ್ಪಾಗಿ ಶೆಡ್ಡೆಲ್ಲ ಗಬ್ಬುನಾತ. ಕನ್ನಡದವರೇ, ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದರು. ಕ್ಯಾಮೆರಾ ಎದುರು ಮಾತ್ರ ಕರವಸ್ತ್ರ ಕಿಸೆಗೆ ಹೋಯಿತು. ರತ್ನಳ ಬುಟ್ಟಿಗೆ ಎರಡೂ ಕೈ ಹಾಕಿ ಬೊಗಸೆ ಸಿಗಡಿ ಎತ್ತಿದರು. ಮಾತುಕತೆ ನಿಂತರೂ ಸರಿ, ನಿಮ್ಮ ಹಿತಕ್ಕಾಗಿ ನಾವು ಮಣಿಯುವುದಿಲ್ಲ ಎಂದು ಹಲ್ಲು ಕಿರಿದರು. ಚಪ್ಪಾಳೆ ಬಿತ್ತು.

"ಶೆಡ್ಡ್ ಯಾವಾಗ ಶುರು ಆತ್ತ್ ಸಾರ್?" ರತ್ನ ಕೇಳಿದಳು.

ಅದು ದೇಶದ ಗೌರವದ ಪ್ರಶ್ನೆ, ಸ್ವಲ್ಪ ಸಹಿಸಿಕೊಳ್ಳಬೇಕಮ್ಮ ಎನ್ನುತ್ತಾ ಅವರು ಕೈ ತೊಳೆಯಲು ನೀರು ಕೇಳಿದರು. ಸಾಬೂನು ಹಚ್ಚಿ, ಬೆರಳು ಮೂಸಿ, ಮುಖ ಕಿವುಚಿ ಮತ್ತೆ ಹಚ್ಚಿಕೊಂಡರು. ರತ್ನಳಿಗೆ ಹೇಸಿಗೆಯಾಯಿತು. ಸಿಗಡಿಯ ನಾತಕ್ಕಲ್ಲ, ಆ ನಾತ ಅವಳಿಗೆ ಹುಟ್ಟಿದಂದಿನಿಂದ ಗೊತ್ತು.

ಅವಳ ಅಪ್ಪ ಕಡಲ ದಂಡೆಯಲ್ಲಿ ಹತ್ತಾರು ಜನರ ಜೊತೆ ಹಗ್ಗ ಹಿಡಿದು ಕೈರಂಪಣಿ ಬಲೆ ಎಳೆಯುತ್ತಿದ್ದವನು. ದಾರಿಹೋಕನೊಬ್ಬ ಹಗ್ಗಕ್ಕೆ ಕೈ ಹಚ್ಚಿದರೂ ಅವನಿಗೊಂದು ಪಾಲು ಮೀನು ಕೊಟ್ಟೇ ಕಳಿಸುವುದು ಅಲ್ಲಿಯ ರಿವಾಜು. ರತ್ನ ಬುಟ್ಟಿ ಎತ್ತಿಕೊಂಡು ಹೊರಗೆ ನಡೆದಳು. ರಾಜೇಂದ್ರ ಹಿಂದಿನಿಂದ ಕೂಗಿದ. ಇನ್ನು ಈ ಶೆಡ್ಡು ತೆರೆದರೂ ತನಗಲ್ಲ ಎಂದು ಅವಳಿಗೆ ಗೊತ್ತಾಯಿತು, ಆದರೂ ನಿಲ್ಲಲಿಲ್ಲ.

ಸಾಹೇಬರು ಕಾರಿನಲ್ಲಿ ಕುಳಿತಿದ್ದರು, ಬಾಗಿಲು ಇನ್ನೂ ಹಾಕಿರಲಿಲ್ಲ.

"ಹ್ವಾಯ್ ಸಾರ್, ನಮ್ಮ್ ಬದಿಯಂಗೆ ಕೈ ಹಾಕ್ದರಿಗೆ ಒಂದ್ ಪಾಲ್ ಇತ್ತ್. ನಿಮ್ ಪಾಲ್ ತಕಣಿ."

ಬುಟ್ಟಿಯನ್ನು ಅವರ ಮಡಿಲಿಗೆ ಮಗುಚಿದಳು. ಕೊಳೆತ ನೀರು ಬಿಳಿ ಪ್ಯಾಂಟಿನಿಂದ ಸೀಟಿಗೆ ಇಳಿಯಿತು.

ಮುಂದಿನ ವಾರ ರತ್ನ ಮುಂಬೈ ಬಸ್ಸು ಹತ್ತಿದಳು. ಪಕ್ಕದ ಸೀಟಿನವನ ಮೊಬೈಲಿನಲ್ಲಿ ಅದೇ ವಿಡಿಯೊ: ತುಂಬಿದ ಶೆಡ್ಡು, ನಗುವ ಸಾಹೇಬರು, ಅವರ ಬೊಗಸೆಯಲ್ಲಿ ಅವಳ ಬುಟ್ಟಿಯ ಸಿಗಡಿ. ಬೀಗ ಬಿದ್ದ ನಿಜವಾದ ಶೆಡ್ಡು ಕಿಟಕಿಯಾಚೆ ಹಿಂದಕ್ಕೆ ಸರಿಯಿತು. ಥೂ ಎಂದು ರತ್ನ ಹೊರಗೆ ಉಗಿದಳು.