ಒಂದು ಬೆರಳಿಗೆ ಎದ್ದ ಟೇಬಲ್ಲು

ನಾನು ಒಂದು ಟೇಬಲ್ಲು. ಹಾಗೆಂದ ಕೂಡಲೇ ಊಟದ ತಟ್ಟೆ, ಹೂದಾನಿ, ಮಕ್ಕಳ ಪಾಟಿಚೀಲ ಇವನ್ನೆಲ್ಲ ನೆನೆಸಿಕೊಳ್ಳಬೇಡಿ, ನನಗೆ ಸಿಟ್ಟು ಬರುತ್ತದೆ. ನಾನು ಡ್ರಿಲ್ಲಿಂಗ್ ಮಷೀನಿನ ಟೇಬಲ್ಲು. ಮೈ ಪೂರ್ತಿ ಎರಕದ ಕಬ್ಬಿಣ. ಕಾಲುಗಳಿಲ್ಲ. ಮಷೀನಿನ ಉಕ್ಕಿನ ಕಂಬವನ್ನು ಒಂದೇ ತೋಳಿನಿಂದ ತಬ್ಬಿಕೊಂಡು ನೆಲಕ್ಕೆ ತಾಗದೆ ನಿಂತಿರುತ್ತೇನೆ. ನನ್ನ ತಲೆಯ ಮೇಲೆ ಮೋಟಾರು, ಅದರ ಕೆಳಗೆ ಗಿರ್ರನೆ ತಿರುಗುವ ಬಿಟ್ಟು, ಅಂದರೆ ಕೊರೆಯುವ ಉಕ್ಕಿನ ಮೊನೆ. ಕಬ್ಬಿಣದ ಪಟ್ಟಿಗಳನ್ನು ನನ್ನ ಮೇಲಿಟ್ಟು ಜನ ತೂತು ಕೊರೆಯುತ್ತಾರೆ.

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹುಟ್ಟಿದೆ. ಕರಿಮರಳಿನ ಅಚ್ಚಿಗೆ ಕೆಂಪಗೆ ಕುದಿಯುವ ಕಬ್ಬಿಣ ಸುರಿದರು, ನಾನಾದೆ. ಹುಟ್ಟಿದ ದಿನ ನನ್ನನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಆ ಜಂಬ ನನ್ನಿಂದ ಇವತ್ತಿಗೂ ಹೋಗಿಲ್ಲ.

ದೊಡ್ಡ ಸಾಮಾನು ಬಂದರೆ ನಾನು ಕೆಳಗಿಳಿಯಬೇಕು, ಸಣ್ಣದು ಬಂದರೆ ಮೇಲೇರಬೇಕು. ದುಬಾರಿ ಮಷೀನುಗಳಿಗೆ ಇದಕ್ಕೆಂದೇ ಒಂದು ಹ್ಯಾಂಡಲ್ ಇರುತ್ತದೆ. ತಿರುಗಿಸಿದರೆ ಟೇಬಲ್ಲು ಮಹಾರಾಣಿಯ ಹಾಗೆ ಏರುತ್ತದೆ, ಇಳಿಯುತ್ತದೆ. ನನ್ನದು ಅಂಥ ಸಿರಿವಂತ ಮನೆತನವಲ್ಲ. ಕಂಬಕ್ಕೆ ಬಿಗಿದ ಹಿಡಿಯನ್ನು ಸಡಿಲಿಸಬೇಕು, ನನ್ನನ್ನು ರಟ್ಟೆಬಲದಿಂದ ಎತ್ತಬೇಕು, ಎತ್ತಿದಲ್ಲೇ ಹೆಗಲು ಕೊಟ್ಟು ಹಿಡಿದುಕೊಂಡು ಇನ್ನೊಂದು ಕೈಯಿಂದ ಹಿಡಿಯನ್ನು ಮತ್ತೆ ಬಿಗಿಯಬೇಕು. ಕೈ ಜಾರಿದರೆ ಧಡಕ್ಕನೆ ಬೀಳುತ್ತೇನೆ. ಕೆಳಗೆ ಯಾರ ಕಾಲಿದೆ ಎಂದು ನೋಡುವ ಅಭ್ಯಾಸ ನನಗಿಲ್ಲ.

ಮೊದಲು ನನ್ನನ್ನು ಕೊಂಡವನು ಹುಬ್ಬಳ್ಳಿಯ ದಾವಲಸಾಬ. ಒಂದು ಕಾಲದಲ್ಲಿ ಕುಸ್ತಿ ಆಡಿದವನು. ನನ್ನನ್ನು ಮಗುವಿನ ಹಾಗೆ ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಕೆಲಸಕ್ಕೆ ಹೊಸಬರು ಬಂದರೆ, "ಮೊದ್ಲ ಈ ಟೇಬಲ್ ಎತ್ತಲೇ, ಆಮ್ಯಾಲೆ ಪಗಾರದ ಮಾತಾಡೂಣು" ಅನ್ನುತ್ತಿದ್ದ. ಎಷ್ಟೋ ಗಂಡಸರ ಬೆವರಿಳಿಸಿ ಕಳಿಸಿದೆ. ಅವರು ಬೈಯುತ್ತ ಹೋದಾಗ ನನಗೆ ಒಳಗೊಳಗೇ ಖುಷಿ. ಅವಸರದ ಕೈಗಳು ಪಟ್ಟಿಯನ್ನು ದಾಟಿ ನನ್ನ ಮುಖಕ್ಕೇ ತೂತು ಕೊರೆದದ್ದೂ ಉಂಟು. ಆ ಕಲೆಗಳಿಗೆ ನಾನು ನಾಚುವುದಿಲ್ಲ. ಕೊರೆಸಿಕೊಂಡೂ ಬಿರುಕು ಬಿಡಲಿಲ್ಲವಲ್ಲ.

ದಾವಲಸಾಬ ತೀರಿಕೊಂಡ ಮೇಲೆ ನನ್ನ ಮಷೀನು ರಾಣೆಬೆನ್ನೂರಿಗೆ ಬಂತು. ಮೌನೇಶಪ್ಪ ಕಮ್ಮಾರನ ಸಣ್ಣ ವರ್ಕ್‌ಶಾಪು. ಮನೆಯ ಮುಂಭಾಗಕ್ಕೆ ತಗಡು ಹೊದಿಸಿದ ಜಾಗ. ಅಲ್ಲಿ ಬಿತ್ತುವ ಕೂರಿಗೆ ಮಾಡುತ್ತಿದ್ದರು. ಕೂರಿಗೆಯೆಂದರೆ ದಪ್ಪ ಪಟ್ಟಿ, ತೆಳು ಪಟ್ಟಿ, ಉದ್ದ ಕೊಳವೆ. ಒಂದೊಂದಕ್ಕೂ ನಾನು ಒಂದೊಂದು ಎತ್ತರದಲ್ಲಿ ಇರಬೇಕು. ಮೌನೇಶಪ್ಪ ಹಲ್ಲು ಕಚ್ಚಿ ಎತ್ತುತ್ತಿದ್ದ, ಇಳಿಸುತ್ತಿದ್ದ. ಹೆಂಡತಿ ಕಾಳವ್ವ ಪಟ್ಟಿಗಳಿಗೆ ಗುರುತು ಹಾಕಿಕೊಡುತ್ತಿದ್ದಳು. ಕುಳ್ಳಗಿನ ಹೆಂಗಸು, ನನ್ನ ಅಂಚು ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ನಾನು ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆಮೇಲೊಂದು ದಿನ ಮೌನೇಶಪ್ಪ ಮೋಟರ್‌ಸೈಕಲ್ಲಿನಿಂದ ಬಿದ್ದ. ಮುರಿದ ಮೂಳೆ ಕೂಡಿತು, ಆದರೆ ಬಲಭುಜ ಹಿಡಿದುಕೊಂಡುಬಿಟ್ಟಿತು. ಕೈ ಸೊಂಟದಿಂದ ಮೇಲೆ ಏಳುತ್ತಿರಲಿಲ್ಲ. ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಟ್ಟರು, ಅವನು ಮಾಡಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತ. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕಾಳವ್ವ ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತಳು. ಹಿಡಿ ಸಡಿಲಿಸಿದಳು. ನಾನು ಧಡಾರನೆ ಬುಡಕ್ಕೆ ಬಿದ್ದೆ. ಎತ್ತಿದಳು, ಏಳಲಿಲ್ಲ. ಇನ್ನೊಮ್ಮೆ ಎತ್ತಿದಳು, ಏಳಲಿಲ್ಲ. ಪೈಲ್ವಾನನ ಹೆಗಲ ಮೇಲೆ ಕೂತ ನಾನು ಇವಳ ಕೈಗೆ ಏಳುವುದೇ?

ಸುದ್ದಿ ಕೇಳಿ ಮೌನೇಶಪ್ಪನ ತಮ್ಮ ಮಾನಪ್ಪ ಬಂದ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಕೈಗೆ ಗ್ರೀಸು ತಾಗಿ ಬಹಳ ದಿನವಾದವನು.

"ಟೇಬಲ್ ಎತ್ತಾಕ ಆಗದವ್ರಿಗೆ ಮಷೀನ್ ಯಾಕ ಬೇಕು ವೈನಿ? ಗಿರಾಕಿ ನಾ ತರ್ತೀನಿ. ಅಣ್ಣ ನನ್ನ ಅಂಗಡಿಯಾಗ ಕೂತು ಮೊಳಿ ತೂಗ್ಲಿ."

ಕುರ್ಚಿಯಲ್ಲಿದ್ದ ಮೌನೇಶಪ್ಪ ತಲೆ ತಗ್ಗಿಸಿದ. ಕೂರಿಗೆ ಮಾಡಿದ ಕೈ ತಮ್ಮನ ಅಂಗಡಿಯಲ್ಲಿ ಮೊಳೆ ತೂಗಬೇಕು. ಕಾಳವ್ವನ ಕಣ್ಣು ಕೆಂಪಾಯಿತು.

"ಆಯುಧಪೂಜಿ ಆಗೂತನಕ ಹತಾರ ಮಾರೂ ಪದ್ಧತಿ ನಮ್ಮ ಮನ್ಯಾಗ ಇಲ್ಲ," ಅಂದಳು. "ಅಷ್ಟರಾಗ ನಾ ಇದನ್ನ ಎತ್ತಲಿಲ್ಲಂದ್ರ ನೀ ಒಯ್ಯಿ."

ಅಲ್ಲಿಂದ ನಮ್ಮಿಬ್ಬರ ಜಗಳ ಶುರುವಾಯಿತು. ಮೊದಲು ಅವಳು ನನ್ನ ಕೆಳಗೆ ಇಟ್ಟಿಗೆ ಪೇರಿಸಿದಳು. ಬೇಕಾದ ಎತ್ತರ ಒಂದು, ಇಟ್ಟಿಗೆಯ ಎತ್ತರ ಇನ್ನೊಂದು. ಆಮೇಲೆ ಗುಜರಿಯಿಂದ ಹಳೆಯ ಕಾರಿನ ಜಾಕಿ ತಂದು ಕೆಳಗೆ ಕೊಟ್ಟು ತಿರುಗಿಸಿದಳು. ಎದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ತುಸು ಪಕ್ಕಕ್ಕೆ ಹೊರಳಿದೆ, ಜಾಕಿ ಉರುಳಿತು, ನಾನು ಮತ್ತೆ ಬುಡಕ್ಕೆ. ಅವಳು ನೆಲಕ್ಕೆ ಕೂತು ನನ್ನನ್ನು ಬಾಯಿಗೆ ಬಂದಂತೆ ಬೈದಳು. ಆ ಬೈಗುಳ ಕೇಳಿದ ದಿನವೇ ನನಗೆ ಅವಳ ಮೇಲೆ ಮೊದಲ ಬಾರಿ ಮರ್ಯಾದೆ ಹುಟ್ಟಿತು. ಹೆದರುವ ಹೆಣ್ಣಲ್ಲ ಇವಳು.

ಹಿತ್ತಿಲಲ್ಲಿ ಒಂದು ಬಾವಿಯಿತ್ತು. ನಳ ಬಂದ ಮೇಲೆ ಯಾರೂ ಸೇದುತ್ತಿರಲಿಲ್ಲ. ಬಟ್ಟೆ ಒಣಹಾಕಲು ಹೋದವಳು ಹಗ್ಗ ಓಡುವ ಅದರ ಗಡಗಡೆ ನೋಡುತ್ತ ಬಹಳ ಹೊತ್ತು ನಿಂತಳಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿ ಸೇದುತ್ತಿದ್ದರಂತೆ. ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ಆ ಗಡಗಡೆಯನ್ನು ಬಿಚ್ಚಿ ತಂದು ನನ್ನ ಮೇಲಿನ ತೊಲೆಗೆ ಬಿಗಿದಳು. ಹಗ್ಗದ ಒಂದು ತುದಿ ನನ್ನ ತೋಳಿಗೆ. ಇನ್ನೊಂದು ತುದಿಗೆ ಬಣ್ಣದ ದೊಡ್ಡ ಡಬ್ಬಿ. ಡಬ್ಬಿಯೊಳಗೆ ಏನು ಹಾಕಿದಳು ಗೊತ್ತೇ? ಇಷ್ಟು ವರ್ಷ ನನ್ನ ಮೇಲೆ ಕತ್ತರಿಸಿ, ಕೊರೆದು ಉಳಿದ ಕಬ್ಬಿಣದ ತುಂಡುಗಳನ್ನು. ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹಿಡಿಹಿಡಿಯಾಗಿ ಹಾಕುವಳು, ನನ್ನನ್ನು ಮುಟ್ಟಿ ನೋಡುವಳು. ಮತ್ತೆ ಹಾಕುವಳು, ಮತ್ತೆ ಮುಟ್ಟಿ ನೋಡುವಳು.

ಕುರ್ಚಿಯಿಂದ ಮೌನೇಶಪ್ಪ ಗೊಣಗಿದ. "ಬಾವಿಕಟ್ಟಿ ಮಾಡಿದಿ ನನ್ನ ವರ್ಕ್‌ಶಾಪನ್ನ."

"ಹೌದ್ರಿ, ಮಾಡೀನಿ. ನೀರಡಿಕಿ ಆದವ್ರು ಬರ್ತಾರ," ಅಂದಳು ಅವಳು, ಇನ್ನೊಂದು ಹಿಡಿ ಸುರಿಯುತ್ತ.

ಆಗ ನನ್ನ ಮೈ ತೇಲಿತು. ಬೇರೆ ಮಾತು ಸಿಗುತ್ತಿಲ್ಲ. ಅವಳು ನನ್ನ ಅಂಚಿನ ಕೆಳಗೆ ತೋರುಬೆರಳು ಇಟ್ಟಳು, ನಾನು ಎದ್ದೆ. ಬೆರಳು ನಿಂತಲ್ಲಿ ನಿಂತೆ. ಹುಟ್ಟಿದ ಲಾಗಾಯ್ತು ಯಾರಿಗೂ ಸುಮ್ಮನೆ ಏಳದವನು ನಾನು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವಳು ನನ್ನನ್ನು ಬಲದಿಂದ ಸೋಲಿಸಿರಲಿಲ್ಲ, ನನ್ನಷ್ಟೇ ಭಾರವನ್ನು ತಂದು ನನ್ನ ಎದುರಿಗೆ ನಿಲ್ಲಿಸಿದ್ದಳು. ಅವತ್ತಿನಿಂದ ನಾನು ಅವಳ ಕಡೆಯವನಾದೆ.

ಆಯುಧಪೂಜೆ ಬಂತು. ಹಿಂದಿನ ದಿನವೇ ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಸಾಮಾನನ್ನು ಕಚ್ಚಿ ಹಿಡಿಯುವ ವೈಸು ಸದಾ ನನ್ನ ಮೇಲೆಯೇ ಬಿಗಿದಿರುತ್ತದೆ, ಅದೂ ಒಳ್ಳೇ ಭಾರ. ಅದನ್ನೂ ಬಿಚ್ಚಿ ಪೂಜೆಗೆ ಬೇರೆ ಇಟ್ಟರು. ನನಗೆ ವಿಭೂತಿ, ಕುಂಕುಮ, ಚೆಂಡುಹೂವು. ನಡುವೆ ಒಂದು ತೆಂಗಿನಕಾಯಿ. ಇಷ್ಟು ಸಿಂಗಾರ ಮಾಡಿಕೊಂಡು ನಿಂತಾಗ ಮಾನಪ್ಪ ಗಿರಾಕಿಯೊಬ್ಬನನ್ನು ಕರೆದುಕೊಂಡು ಬಂದ.

"ಏನಿದು ಹಗ್ಗ, ಡಬ್ಬಿ, ಹುಡುಗಾಟ? ಸರೀರಿ, ಗಂಡಸ್ರು ಹೆಂಗ ಎತ್ತತಾರ ತೋರಿಸ್ತೀನಿ," ಅಂದವನೇ ಕಾಳವ್ವ ಬಾಯಿ ತೆರೆಯುವ ಮೊದಲೇ ನನ್ನ ಕೆಳಗೆ ಹೆಗಲು ಕೊಟ್ಟು, ಬಲ ಹಾಕಿ, ಹಿಡಿ ಸಡಿಲಿಸಿದ.

ವೈಸು ನನ್ನ ಮೇಲೆ ಇರಲಿಲ್ಲ. ಡಬ್ಬಿಯ ತೂಕವೇ ಹೆಚ್ಚು. ಸಾಲದ್ದಕ್ಕೆ ಕೆಳಗಿನಿಂದ ಮಾನಪ್ಪನ ಹೆಗಲೂ ಸೇರಿತು. ನಾನು ಹಾರಿದೆ! ಮೈಯಲ್ಲಿದ್ದ ಅಷ್ಟೂ ವರ್ಷಗಳ ಸಿಟ್ಟು ತೀರಿಸಿಕೊಂಡು ಹಾರಿದೆ. ತೆಂಗಿನಕಾಯಿ ಮೇಲೆ ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್‌ಗೆ ಬಡಿದು ಎರಡು ಹೋಳಾಯಿತು, ನೀರು ಮಾನಪ್ಪನ ತಲೆಯಿಂದ ಗಲ್ಲದವರೆಗೆ ಇಳಿಯಿತು. ಹಿಂದೆ ಡಬ್ಬಿ ದೊಪ್ಪನೆ ನೆಲಕ್ಕೆ ಕೂತಿತು.

"ಮಷೀನಿಗೆ ತಲಿ ಕೆಟ್ಟೈತಿ! ಯಾರನ್ನರ ಕೊಲ್ಲತೈತಿ ಇದು," ಎಂದು ಮಾನಪ್ಪ ಕೂಗಿದ.

"ಮಷೀನ್ ತಲಿ ಸರಿ ಐತಿ," ಅಂದಳು ಕಾಳವ್ವ. "ವೈಸ್ ಬಿಚ್ಚಿದ್ದು ಹೇಳಾಕ ಹೊಂಟಿದ್ದೆ. ನೀ ಕೇಳಲಿಲ್ಲ."

ಆಗ ಬಾಗಿಲ ಕಡೆಯಿಂದ ಒಂದು ನಗು ಬಂತು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಯಾರೂ ಕೇಳದ ನಗು. ಮೌನೇಶಪ್ಪ ಕಣ್ಣೊರೆಸಿಕೊಳ್ಳುತ್ತ ಕುರ್ಚಿಯಿಂದೆದ್ದು ಬಂದ. ಕಾಳವ್ವ ಒಂದು ಕಡೆ, ಅವನ ಎಡಗೈ ಇನ್ನೊಂದು ಕಡೆ, ಇಬ್ಬರೂ ಸೇರಿ ವೈಸನ್ನು ನನ್ನ ಮೇಲೆ ಕೂರಿಸಿದರು. ನಾನು ಮತ್ತೆ ತೂಗಿ ನಿಂತೆ. ಅವಳು ನನ್ನನ್ನು ಅವನ ಸೊಂಟದ ಮಟ್ಟಕ್ಕೆ ಇಳಿಸಿ ದೂರ ಸರಿದಳು.

ಮೌನೇಶಪ್ಪ ತನ್ನ ಕೆಟ್ಟ ಕೈಯನ್ನು, ಬಲಗೈಯನ್ನು, ನನ್ನ ಅಂಚಿನ ಕೆಳಗೆ ತಂದ. ತೋರುಬೆರಳು ಊರಿದ. ನಾನು ದಾವಲಸಾಬನನ್ನು ನೋಡಿದವನು, ಆದರೂ ಹೇಳುತ್ತೇನೆ, ನನ್ನನ್ನು ಎತ್ತಿದವರಲ್ಲಿ ಆ ಬೆರಳಿಗಿಂತ ದೊಡ್ಡ ಪೈಲ್ವಾನನಿಲ್ಲ. ಅವನ ಕೈ ಎಷ್ಟು ಎದ್ದಿತೋ ಅಷ್ಟು ಎದ್ದೆ. ಒಂದು ಗೇಣೂ ಇರಲಿಲ್ಲ. ಅಷ್ಟಕ್ಕೇ ಅವನು ಹಿಡಿ ಬಿಗಿದು, ಮಷೀನು ಹಚ್ಚಿ, ಒಂದು ಪಟ್ಟಿಗೆ ತೂತು ಕೊರೆದ.

ಗಿರಾಕಿ ಆ ತೂತನ್ನು ನೋಡಿದ, ಮಾನಪ್ಪನ ಒದ್ದೆ ಅಂಗಿ ನೋಡಿದ. "ಇವ್ರು ಕೊಡಂಗಿಲ್ಲ, ನಡೀರಿ," ಅಂದ. ಕಾಳವ್ವ ಒಡೆದ ಕಾಯಿಯ ಹೋಳನ್ನು ಪ್ರಸಾದವೆಂದು ಇಬ್ಬರ ಕೈಗೂ ಕೊಟ್ಟು ಕಳಿಸಿದಳು.

ಈಗ ನನಗೆ ವಯಸ್ಸಾಗಿದೆ. ಪಕ್ಕದಲ್ಲಿ ಹ್ಯಾಂಡಲ್ ಇರುವ ಹೊಸ ಮಷೀನು ಬಂದು ನಿಂತಿದೆ, ಹೊಳೆಯುತ್ತದೆ, ಮಾತಾಡುವುದಿಲ್ಲ. ಗುಜರಿಯವನು ತಳ್ಳುಗಾಡಿ ನಿಲ್ಲಿಸಿ ನನ್ನ ಕಡೆ ಕತ್ತು ಚಾಚುತ್ತಾನೆ. ಚಾಚಲಿ. ನನಗಿನ್ನೂ ಕೆಲಸವಿದೆ.

ಬೆಳಗ್ಗೆ ಚಹಾ ಕುಡಿದ ಮೇಲೆ, ದವಾಖಾನೆಯವರು ಹೇಳಿದ ವ್ಯಾಯಾಮದ ಹೊತ್ತಿಗೆ, ಕಾಳವ್ವ ಡಬ್ಬಿಗೆ ಎರಡು ತುಂಡು ಕಬ್ಬಿಣ ಬೇಕೆಂದೇ ಹೆಚ್ಚು ಹಾಕುತ್ತಾಳೆ. ಮೌನೇಶಪ್ಪ ಬಲಗೈಯನ್ನು ನನ್ನ ಮೇಲಿಟ್ಟು ವೈಸನ್ನು ಹಿಡಿದುಕೊಳ್ಳುತ್ತಾನೆ. ಅವಳು ಹಿಡಿಯನ್ನು ತುಸುತುಸುವೇ ಸಡಿಲಿಸುತ್ತಾಳೆ. ನಾನು ಮೆಲ್ಲಗೆ ಏರುತ್ತೇನೆ, ಅವನ ಕೈ ನನ್ನ ಜೊತೆ ಏರುತ್ತದೆ. ಅವನು "ಸಾಕು, ಸಾಕು" ಎಂದು ಕೂಗುತ್ತಾನೆ. ಅವಳೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಸೊಂಟದಲ್ಲಿ ನಿಂತಿದ್ದ ಕೈ ಎದೆಗೆ ಬಂದಿತ್ತು, ಈಗ ಭುಜದ ಮಟ್ಟಕ್ಕೆ ಬಂದಿದೆ. ಕಂಬ ಇನ್ನೂ ಮೇಲಕ್ಕಿದೆ.