ಬಿಚ್ಚದ ಕಟ್ಟು

ಚಕ್ರಪಾಣಿ ತಿಮ್ಮಯ್ಯನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ನೆರೆಮನೆಯ ದೊಡ್ಡಣ್ಣ ಮಂಡಿಯೂರಿ ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ. ತಲೆಯೆತ್ತಿ ನೋಡಿ, ಮತ್ತೆ ಹಗ್ಗಕ್ಕೆ ಕೈಹಾಕಿದ. ರಾಜಾಜಿನಗರದ ವಾಚನಾಲಯ ನೋಡಿಕೊಳ್ಳುವವರು ಕಾಮಾಕ್ಷಿಪಾಳ್ಯದ ಸಾವಿನ ಮನೆಗೆ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಚಕ್ರಪಾಣಿಯವರೂ ಎಣಿಸಿರಲಿಲ್ಲ. ಬೆಳಿಗ್ಗೆ ಸುದ್ದಿ ಕೇಳಿ ಎರಡು ಸಲ ಚಪ್ಪಲಿ ಮೆಟ್ಟಿ, ಎರಡು ಸಲವೂ ಬಿಟ್ಟಿದ್ದರು. ಮೂರನೆಯ ಸಲ ಹೊರಟಾಗ ಮನಸ್ಸಿನಲ್ಲಿ ಒಂದೇ ಮಾತಿತ್ತು. ತಿಮ್ಮಯ್ಯ ಕಳ್ಳನಲ್ಲ ಎಂದು ಎಲ್ಲರೆದುರು ಹೇಳಿಬಿಡಬೇಕು. ಬದುಕಿದ್ದಾಗ ಹೇಳದ್ದನ್ನು ಹೆಣದ ಮುಂದಾದರೂ ಹೇಳಬೇಕು.

*

ತಿಮ್ಮಯ್ಯ ಅಕ್ಷರ ಕಲಿತದ್ದೇ ಐವತ್ತೆಂಟನೆಯ ವಯಸ್ಸಿನಲ್ಲಿ. ಹೊಲ ಬಡಾವಣೆಗೆ ಹೋದ ಮೇಲೆ ಅವನಿಗೆ ಸಂಜೆಗಳು ಉದ್ದವಾದವು. ತನ್ನದೇ ರಾಗಿ ಹೊಲವಿದ್ದ ಜಾಗದಲ್ಲಿ ಎದ್ದ ವಾಚನಾಲಯಕ್ಕೆ ಬಂದು ಮೊದಲು ಚಿತ್ರ ನೋಡಿಕೊಂಡು ಹೋಗುತ್ತಿದ್ದ. ಚಕ್ರಪಾಣಿಯವರೇ ಕರೆದು ಕೂರಿಸಿ ಕಾಗುಣಿತ ತಿದ್ದಿಸಿದರು. ಎರಡು ವರ್ಷದಲ್ಲಿ ಬೆರಳಿಟ್ಟು ಓದುವಷ್ಟಾದ. ವಾರಪತ್ರಿಕೆಯ ಧಾರಾವಾಹಿಯೆಂದರೆ ಪ್ರಾಣ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ಅವನಿಗೆ ಒಂದು ಗಂಟೆ ಬೇಕು.

ಆ ಪತ್ರಿಕೆ ವಾಚನಾಲಯದ ಪೇಟೆಯ ಶಾಖೆಯಲ್ಲಿ ಒಂದು ವಾರವಿದ್ದು, ಆಮೇಲೆ ಕಟ್ಟಾಗಿ ಇಲ್ಲಿಗೆ ಬರುತ್ತಿತ್ತು. ಕಟ್ಟು ಬಿಚ್ಚಿ, ಹಾಳೆ ಎಣಿಸಿ, 'ಎಲ್ಲ ಸರಿಯಿದೆ' ಎಂದು ಚೀಟಿಗೆ ರುಜು ಹಾಕಬೇಕು. ಚಕ್ರಪಾಣಿ ರುಜು ಹಾಕುತ್ತಿದ್ದರು. ಎಣಿಸುವುದಿರಲಿ, ರುಜು ಹಾಕುವ ಮೊದಲು ಕಟ್ಟನ್ನೂ ಬಿಚ್ಚುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಏನೂ ಆಗಿರಲಿಲ್ಲವಲ್ಲ.

ಒಂದು ಸಂಜೆ ಧಾರಾವಾಹಿಯ ಹಾಳೆಗಳೇ ಇಲ್ಲವೆಂದು ಓದುಗರೊಬ್ಬರು ದೂರಿದರು. ಅದಕ್ಕೆ ಮುಂಚೆ ಪತ್ರಿಕೆ ಒಂದು ಗಂಟೆ ತಿಮ್ಮಯ್ಯನ ಕೈಯಲ್ಲೇ ಇತ್ತು. ಓದದೆ ಏನು ಮಾಡುತ್ತಿದ್ದೆ ಎಂದು ಚಕ್ರಪಾಣಿ ಕೇಳಿದರು.

"ಹುಡುಕ್ತಾ ಇದ್ದೆ ಮೇಷ್ಟ್ರೇ. ನನಗೇ ಗೊತ್ತಾಗ್ತಿಲ್ಲ ಅಂದ್ಕೊಂಡೆ."

ಎಲ್ಲರೂ ನಕ್ಕರು. ಅವನು ಗಾಬರಿಯಲ್ಲಿ ಹೆಗಲ ಮೇಲಿನ ಟವಲು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ ಎನ್ನುವ ಗಾದೆ ಚಕ್ರಪಾಣಿಯವರಿಗೆ ಆಗಲೇ ನೆನಪಾಗಬೇಕೆ. ಎಲ್ಲರೆದುರು ಟವಲು ಕೊಡವಿಸಿದರು. ಏನೂ ಬೀಳಲಿಲ್ಲ. ಆದರೂ ನಾಳೆಯಿಂದ ಬರಬೇಡ ಎಂದರು. ತಿಮ್ಮಯ್ಯ ಟವಲನ್ನು ನಾಲ್ಕು ಮಡಿಕೆ ಮಾಡಿ, ಹೆಗಲಿಗೆ ಹಾಕಿಕೊಂಡು ಹೋದ.

ಮುಂದಿನ ವಾರದ ಕಟ್ಟನ್ನು ಚಕ್ರಪಾಣಿ ರುಜು ಹಾಕುವ ಮೊದಲೇ ಬಿಚ್ಚಿ ನೋಡಿದರು. ಧಾರಾವಾಹಿಯ ಹಾಳೆಗಳು ಅದರಲ್ಲೂ ಇರಲಿಲ್ಲ. ಪೇಟೆಯಲ್ಲೇ ಯಾರೋ ಕತ್ತರಿಸಿಕೊಳ್ಳುತ್ತಿದ್ದರು. ಅಂದೇ ಹೋಗಿ ತಿಮ್ಮಯ್ಯನನ್ನು ಕರೆತರಬಹುದಿತ್ತು. ಕರೆತಂದರೆ ತಮ್ಮ ಸುಳ್ಳು ರುಜುಗಳೂ ಬಯಲಾಗುತ್ತಿದ್ದವು. ನಾಳೆ ಹೋದರಾಯಿತು ಎಂದುಕೊಂಡರು. ಹಾಗೆಯೇ ಮೂರು ತಿಂಗಳು ಕಳೆಯಿತು.

*

ತಿಮ್ಮಯ್ಯನ ಮಗಳು ಮುನಿತಾಯಮ್ಮ ಅವರನ್ನು ಕಂಡು ಎದ್ದು ಬಂದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು. ಅಪ್ಪನಿಗೆ ನಿಮ್ಮ ವಾಚನಾಲಯವೆಂದರೆ ದೇವಸ್ಥಾನ, ಹೋದ ಗುರುವಾರದವರೆಗೂ ಐದು ಗಂಟೆಗೆ ಒಗೆದ ಅಂಗಿ ಹಾಕಿಕೊಂಡು ಬರುತ್ತಿದ್ದನಲ್ಲ ಎಂದಳು.

ಚಕ್ರಪಾಣಿ ದೊಡ್ಡಣ್ಣನ ಕಡೆ ನೋಡಿದರು. ಟವಲು ಕೊಡವಿಸಿದ ದಿನ ಅವನೂ ವಾಚನಾಲಯದ ಬೆಂಚಿನ ಮೇಲಿದ್ದವನು. ದೊಡ್ಡಣ್ಣ ತಲೆಯೆತ್ತದೆ ಹಗ್ಗ ಬಿಗಿದ. ಮನೆಯವರಿಗೆ ಯಾರೂ ಏನೂ ಹೇಳಿರಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಅಂದಂದು ಓದಿದ ಕತೆ ಹೇಳುತ್ತಿದ್ದನಂತೆ. ಒಬ್ಬಳೇ ರೈಲು ಹತ್ತಿದ ಹುಡುಗಿಯ ಕತೆ. ಗುರುವಾರ ಅವಳನ್ನು ಗುರುತಿಲ್ಲದ ಸ್ಟೇಷನ್ನಿನಲ್ಲಿ ಇಳಿಸಿ ನಿಲ್ಲಿಸಿದ್ದನಂತೆ.

"ಆ ಹುಡುಗಿ ಮನೆ ಸೇರಿದ್ಲಾ ಸಾರ್? ನಿಮಗೆ ಗೊತ್ತಿರುತ್ತಲ್ಲ."

ಧಾರಾವಾಹಿ ಅಣ್ಣತಮ್ಮಂದಿರ ಪಾಲಿನ ಜಗಳದ್ದು. ಚಕ್ರಪಾಣಿ ಓದಿದ್ದಷ್ಟರಲ್ಲಿ ರೈಲೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಹೇಳಲು ಬಂದದ್ದನ್ನು ಹೇಳಿದರೆ ತಮ್ಮ ಎದೆಯೇನೋ ಹಗುರಾಗುತ್ತಿತ್ತು, ಇವಳಿಗೆ ಅಪ್ಪ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು.

"ಸೇರಿದಳಮ್ಮ" ಎಂದರು. "ಸುಖವಾಗಿ ಸೇರಿದಳು."

ಚಟ್ಟ ಹೊರಟಾಗ ಹೆಂಗಸರು ಮನೆಯಲ್ಲೇ ಉಳಿದರು. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ಹೆಣದ ದಿಕ್ಕು ಬದಲಿಸುವುದು ವಾಡಿಕೆ. ಮಾಗಡಿ ರಸ್ತೆಯ ಪಕ್ಕದ ಹೊಂಗೆಮರದ ಹತ್ತಿರ ಇಳಿಸಿದರು. ದೊಡ್ಡಣ್ಣ ಬೆವರೊರೆಸಿಕೊಳ್ಳುತ್ತ ಪಕ್ಕಕ್ಕೆ ಬಂದು ನಿಂತ.

"ಅವನಲ್ಲ ಅಂತ ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

"ಯಾವಾಗಿಂದ?"

"ಮುಂದಿನ ವಾರದಿಂದಲೇ."

ದೊಡ್ಡಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರದ ಬುಡದ ಕಡೆ ಕೈ ತೋರಿಸಿ, ದಿನಾ ಕತ್ತಲಾಗುವವರೆಗೆ ಅಲ್ಲೇ ಕೂತಿರುತ್ತಿದ್ದ ಎಂದ. ಅಲ್ಲಿಂದ ವಾಚನಾಲಯದ ಕಿಟಕಿ ಕಾಣುತ್ತಿತ್ತು.

ಬೇರಿನ ಸಂದಿಯಲ್ಲಿ, ಒಂದು ಕಲ್ಲಿನ ಕೆಳಗೆ, ಕಡಲೆಕಾಯಿ ಪೊಟ್ಟಣದ ಕಾಗದಗಳಿದ್ದವು. ಹಳೆಯ ಪತ್ರಿಕೆಗಳ ಚೂರುಗಳು. ಒಂದೊಂದರ ಸುಕ್ಕನ್ನೂ ಅಂಗೈಯಲ್ಲಿ ತೀಡಿ, ಅಂಚಿಗೆ ಅಂಚು ಕೂಡಿಸಿ, ದಾರ ಸುತ್ತಿ ಕಟ್ಟು ಮಾಡಿ ಇಟ್ಟಿದ್ದ.

ಹೊರುವವರು ಮತ್ತೆ ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು. ಚಕ್ರಪಾಣಿ ಒಂದು ನಿಮಿಷ ಎನ್ನುವಂತೆ ಕೈಯೆತ್ತಿದರು. ಮಣ್ಣಿನಲ್ಲಿ ಮಂಡಿಯೂರಿ ಕೂತು, ದಾರ ಬಿಚ್ಚಿ, ಹಾಳೆಗಳನ್ನು ಒಂದೊಂದಾಗಿ ಎಣಿಸತೊಡಗಿದರು.