ಮರಿಯಿಲ್ಲದ ಹಕ್ಕಿಗಳು

೧೯೫೬ರ ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಸಾವಿತ್ರೆವ್ವನಿಗೆ ಪೆಂಗ್ವಿನ್ ಹಕ್ಕಿಯ ಹುಚ್ಚು ಹಿಡಿಯಿತು. ಗಂಡ ನಿಜಲಿಂಗಪ್ಪನ ಕಿರಾಣಿ ಅಂಗಡಿಗೆ ಹುಬ್ಬಳ್ಳಿಯಿಂದ ಬಂದ ರದ್ದಿಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯ ಎಂಟು ಹಾಳೆಗಳಿದ್ದವು. ಅದರಲ್ಲೊಂದು ಚಿತ್ರ, ಹಿಮದ ಮೇಲೆ ನೆಟ್ಟಗೆ ನಿಂತ ಹಕ್ಕಿ. ಅದರ ಪಾದಗಳ ಮೇಲೆ ಒಂದೇ ಒಂದು ಮೊಟ್ಟೆ, ಮೊಟ್ಟೆಗೆ ಹೊಟ್ಟೆಯ ತೊಗಲೇ ಹೊದಿಕೆ. ಗೂಡಿಗೆ ಒಂದು ಕಡ್ಡಿಯೂ ಸಿಗದ ಸೀಮೆಯಲ್ಲಿ ಕಾಲನ್ನೇ ಗೂಡು ಮಾಡಿಕೊಂಡ ಆ ಜೀವವನ್ನು ಎಷ್ಟು ನೋಡಿದರೂ ಅವಳಿಗೆ ಸಾಲದು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ.

ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಡಿಕ್ಷನರಿ ಇಟ್ಟುಕೊಂಡು ದಿನಕ್ಕೆರಡು ಸಾಲು ಬಿಡಿಸಿ ಶಾಲೆಯಲ್ಲಿ ಹೇಳುತ್ತಿದ್ದಳು. ಹುಡುಗಿಯರು ಮೊಟ್ಟೆಯೆಂದು ಪಾದದ ಮೇಲೆ ದುಂಡನೆಯ ಬೆಳವಲಕಾಯಿ ಇಟ್ಟುಕೊಂಡು ಅಂಗಳದಲ್ಲಿ ಕಾಲೆಳೆಯುತ್ತ ನಡೆದು, ಬಿದ್ದು, ನಗುತ್ತಿದ್ದರು.

ಶ್ರಾವಣದಲ್ಲಿ ನಿಜಲಿಂಗಪ್ಪನ ತಂಗಿ ಗದಗಿನಲ್ಲಿ ಹೆರಿಗೆಯಾಗಿ ತೀರಿಕೊಂಡಳು. ಹದಿನೈದು ದಿನದ ಗಂಡು ಕೂಸು ಈ ಮನೆಗೆ ಬಂತು. ಮನೆಯಲ್ಲಿ ಸಾವಿತ್ರೆವ್ವನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಬಸವಣ್ಣೆವ್ವನೂ ಇದ್ದಳು. ಹೆತ್ತ ಮೂರನ್ನೂ ಮಣ್ಣಿಗೆ ಕೊಟ್ಟವಳು.

ಇಬ್ಬರೂ ಕೂಸನ್ನು ನೆಲಕ್ಕೆ ಬಿಡಲಿಲ್ಲ. ಒಬ್ಬಳು ನೀರೆರೆದರೆ ಇನ್ನೊಬ್ಬಳು ಸರಿಯಾಗಿಲ್ಲವೆಂದು ಮತ್ತೆ ಎರೆಯುವಳು. ಒಬ್ಬಳು ಒಳಲೆಯಲ್ಲಿ ಹಾಲು ಕುಡಿಸಿದ್ದನ್ನು ಇನ್ನೊಬ್ಬಳಿಗೆ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಾವಿತ್ರೆವ್ವ ಶಾಲೆಯಿಂದ ಬಂದು ತಾನೂ ಒಂದು ಒಳಲೆ ಹಾಲು ಕುಡಿಸಿ, ಮುಖ ತೊಳೆಯಲು ಹಿತ್ತಲಿಗೆ ಹೋದಳು. ಬರುವಷ್ಟರಲ್ಲಿ ಕೂಸು ಬಸವಣ್ಣೆವ್ವನ ತೊಡೆಯ ಮೇಲಿತ್ತು.

"ಕೊಡ್ರಿ ಅಕ್ಕಾರ, ನನ್ನ ಕೂಸು."

"ನಿನ್ನ ಕೂಸು ಯಾವಾಗಾತು?"

ಸಾವಿತ್ರೆವ್ವ ಬಗ್ಗಿ ಎಳೆದಳು. ಬಸವಣ್ಣೆವ್ವ ಬಿಡಲಿಲ್ಲ. ಕೂಸಿನ ಬಾಯಿಂದ ಹಾಲು ಉಕ್ಕಿ ಉಸಿರು ಸಿಕ್ಕಿಕೊಂಡಿತು. ಅಳು ನಿಂತು ತುಟಿ ನೀಲಿಯಾಯಿತು. ಇಬ್ಬರೂ ಹಿಡಿದ ಕೈ ಬಿಡಲಿಲ್ಲ. ಪಕ್ಕದ ಹಳ್ಳಿ ಅಡರಕಟ್ಟಿಯಿಂದ ಬೆಣ್ಣೆ ಮಾರಲು ಬಂದಿದ್ದ ಹನಮವ್ವ ಬುಟ್ಟಿ ಒಗೆದು ಓಡಿಬಂದು, ಕೂಸನ್ನು ಕಸಿದು ಬೋರಲು ಹಾಕಿ ಬೆನ್ನಿಗೆ ಬಡಿದಳು. ಮೂರನೆಯ ಏಟಿಗೆ ಅದು ಚೀರಿತು.

"ಇಬ್ರೂ ಕುಡಿಸೀರೇನ್ರಿ?" ಹನಮವ್ವ ಕೇಳಿದಳು.

ಆ ಸಂಜೆ ಸಾವಿತ್ರೆವ್ವ ಅದನ್ನು ಮರೆಯಲೆಂದು ಪೆಂಗ್ವಿನ್ ಪತ್ರಿಕೆಯ ಕೊನೆಯ ಹಾಳೆ ಹಿಡಿದಳು. ತಾಯಿ ಸತ್ತ ಮರಿಯ ಸಂಗತಿ ಅಲ್ಲಿತ್ತು. ಮರಿಯಿಲ್ಲದ ಹಕ್ಕಿಗಳು ಅಂಥದ್ದನ್ನು ಕಂಡರೆ ನಾಲ್ಕೂ ಕಡೆಯಿಂದ ನುಗ್ಗುತ್ತವೆ, ಪ್ರತಿಯೊಂದೂ ತನ್ನ ಕಾಲ ಮೇಲೆ ಎಳೆದುಕೊಳ್ಳಲು ನೋಡುತ್ತದೆ, ಆ ಎಳೆದಾಟದಲ್ಲಿ ಎಷ್ಟೋ ಮರಿಗಳು ತುಳಿತಕ್ಕೆ ಸಿಕ್ಕು ಸಾಯುತ್ತವೆ. ತಪ್ಪು ಓದಿದೆನೆಂದು ಅವಳು ಡಿಕ್ಷನರಿಯಲ್ಲಿ ಮತ್ತೆ ಹುಡುಕಿದಳು. ಅರ್ಥ ಬದಲಾಗಲಿಲ್ಲ.

ಹಾಳೆ ಹಿಡಿದು ನೆಟ್ಟಗೆ ಅಡುಗೆಮನೆಗೆ ಹೋಗಿ ಬಸವಣ್ಣೆವ್ವನಿಗೆ ಕನ್ನಡದಲ್ಲಿ ಹೇಳಿದಳು. ಬಸವಣ್ಣೆವ್ವ ಲಟ್ಟಣಿಗೆ ಕೆಳಗಿಟ್ಟಳು.

"ಕೊಲ್ಲಬೇಕಂತ ಕೊಲ್ತಾವೇನು?"

"ಇಲ್ರಿ. ಸಾಕಬೇಕಂತ."

ಬಸವಣ್ಣೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಕಾಯಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಮರುದಿನ ಹನಮವ್ವನನ್ನು ಕರೆಸಿದರು. ಅವಳಿಗೆ ಐದು ತಿಂಗಳ ಮಗಳಿದ್ದಳು, ಎದೆಯಲ್ಲಿ ಹಾಲಿತ್ತು. ಕೂಸನ್ನು ಅವಳ ಜೊತೆ ಕಳಿಸುವುದೆಂದಾಯಿತು.

"ಮಂದಿ ಏನಂದಾರು?" ಎಂದ ನಿಜಲಿಂಗಪ್ಪ.

"ಕೂಸು ಉಳೀತಂತಾರ," ಎಂದಳು ಬಸವಣ್ಣೆವ್ವ. ಹನಮವ್ವನನ್ನೂ ಕೂಸನ್ನೂ ಹೊತ್ತ ಚಕ್ಕಡಿ ಅಡರಕಟ್ಟಿಯ ದಾರಿ ಹಿಡಿದಾಗ ಅವಳೂ ಸಾವಿತ್ರೆವ್ವನೂ ಕಟ್ಟೆಯ ಮೇಲೆ ಕುಳಿತರು.

ನವೆಂಬರ್ ಒಂದರಂದು ಕನ್ನಡ ನಾಡು ಒಂದಾಯಿತೆಂದು ಶಾಲೆಯಲ್ಲಿ ಪೇಡೆ ಹಂಚಿ ಬೇಗ ಬಿಟ್ಟರು. ಇಬ್ಬರೂ ಅಡರಕಟ್ಟಿಗೆ ಹೋದರು. ಕೂಸಿನ ಕೆನ್ನೆ ತುಂಬಿತ್ತು. ಹನಮವ್ವ ಅದನ್ನು ಮುಂದೆ ಹಿಡಿದಳು.

"ಯಾರು ತಗೋತೀರಿ?"

ಇಬ್ಬರ ಕೈಯೂ ಮೇಲೇಳಲಿಲ್ಲ.

"ನಿನ್ನ ಹಂತ್ಯಾಕ ಇರ್ಲಿ ಬಿಡವ್ವಾ," ಎಂದಳು ಬಸವಣ್ಣೆವ್ವ. "ನಾವು ನೋಡ್ಕೋಂತ ಕುಂಡ್ರತೀವಿ."